ಧೃತಿ ಎಂದರೆ ಧೈರ್ಯವೋ, ಅವಸರವೋ?

ಪ್ರಶ್ನೆ: ಮಗಳಿಗೆ ‘ಧೃತಿ’ ಎಂದು ಹೆಸರಿಡಬೇಕೆಂದಿದ್ದೇವೆ. ಮಲಯಾಳಿ ನೆರೆಯವರು ಬೇಡ ಎನ್ನುತ್ತಾರೆ. ಯಾಕೆ?
– ಓದುಗರು, ಕುಂಬಳೆ

ಉತ್ತರ: ಸಂಸ್ಕೃತದ ‘ಧೃ’ ಧಾತುವಿಗೆ ಹಿಡಿದುಕೊಳ್ಳು ಎಂದರ್ಥ. ಅದರಿಂದ ಧೃತಿ ಎಂದರೆ ಸ್ಥೈರ್ಯ. ನಮ್ಮ ‘ಧೃತಿಗೆಡು’ ಅದೇ ಮಾತು. ಮಲಯಾಳಂ ಆಡುಮಾತಿನಲ್ಲಿ ಮಾತ್ರ ಅದು ಅವಸರ. ‘ಧೃತಿ ಪಿಡಿಕ್ಕಲ್ಲೇ’ ಎಂದರೆ ಆತುರಪಡಬೇಡ. ಅಂಗನವಾಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು, ಮಗುವನ್ನು ಛೇಡಿಸುವುದು ಖಂಡಿತ. ಕೆಟ್ಟ ಅರ್ಥವೇನಲ್ಲ, ಆದರೂ ಕಾಸರಗೋಡಿನಲ್ಲೇ ಬೆಳೆಯುವ ಮಗುವಾದರೆ ನಾವು ‘ಸಿರಿ’ಯನ್ನು ಆರಿಸುತ್ತೇವೆ. ಕನ್ನಡದಲ್ಲಿ ಸಂಪತ್ತು, ತುಳುವರಿಗೆ ಪಾಡ್ದನದ (ತುಳು ಜನಪದ ಕಥನಗೀತೆಯ) ನಾಯಕಿ ಸಿರಿ, ಮಲಯಾಳಿ ಕಿವಿಗೆ ನಗು ಎಂಬರ್ಥದ ‘ಚಿರಿ’ಗೆ ಹತ್ತಿರ. ನಾರ್ವೆ, ಸ್ವೀಡನ್‌ಗಳಲ್ಲೂ ಸಿಗ್ರಿಡ್ ಎಂಬ ಹೆಸರಿನ ಮೊಟಕು ರೂಪ ಇದೇ.

ಧೃತಿಯೇ ಬೇಕೆಂದರೆ ಇಂಗ್ಲಿಷಿನಲ್ಲಿ ಕೊನೆಯ ಅಕ್ಷರಕ್ಕೆ ‘ಟಿ-ಎಚ್-ಐ’ ಬರೆಸಿ. ಬರೀ ‘ಟಿ-ಐ’ ಇದ್ದರೆ ಇಲ್ಲಿ ‘ಟಿ’ ಎಂದು ಓದುತ್ತಾರೆ. ಮಲಯಾಳಂ ಲಿಪಿಯಲ್ಲಿ ಋಕಾರ ತಪ್ಪಿ ‘ದ್ರಿತಿ’ ಆಗದಂತೆ ಅಚ್ಚಾಗುವ ಮೊದಲೇ ನೋಡಿ.

ಅವಸರ ಬೇಡ: ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.