ಮನೆ ಬಾಗಿಲಿಗೆ ಬಂದ ಪ್ರಶ್ನೆ

ಸಕಲೇಶಪುರದ ನಿವೃತ್ತ ಶಿಕ್ಷಕರೊಬ್ಬರ ಪತ್ರ: 'ಸಾಯಲು ಹೊರಟು ಬದುಕುಳಿದ ಪಕ್ಕದ ಮನೆಯ ಹುಡುಗನನ್ನು ಹುಡುಕಿಕೊಂಡು ಸಂಶೋಧಕರು ಬಂದಿದ್ದರು. ಅವನ ತಂದೆ ನಾಚಿಕೆಯಿಂದ ಕುಗ್ಗಿಹೋದರು. ಗಾಯ ಕೆದಕುವ ಇಂಥ ಅಧ್ಯಯನಗಳನ್ನು ನಿಲ್ಲಿಸಿ ಎಂದು ತಾವೇಕೆ ಬರೆಯಬಾರದು?'

ಮೇಷ್ಟ್ರೇ, ನಿಮ್ಮ ಆತಂಕ ಸುಳ್ಳಲ್ಲ. ಮನೆಮಂದಿಯ ಎದುರೇ ಪ್ರಶ್ನೆ ಕೇಳಿ, ಸಹಿ ಹಾಕಿಸಿಕೊಂಡು ಜೀಪು ಹತ್ತುವವರಾದರೆ ಅಂಗಳದಿಂದಲೇ ಕಳಿಸಿ. ಆದರೆ ಅಧ್ಯಯನವನ್ನೇ ನಿಲ್ಲಿಸಿ ಎಂದು ನಾನು ಬರೆಯಲಾರೆ.

ಕೇಳಿದರೆ ಸಾವಿನ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಹಳೆಯದು. ನ್ಯೂಯಾರ್ಕ್ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಪ್ರಶ್ನೆ ಕೇಳಿಸಿಕೊಂಡ ಮಕ್ಕಳ ಸಂಕಟ ಹೆಚ್ಚಿರಲಿಲ್ಲ. ಚೆನ್ನೈಯೂ ಸೇರಿದಂತೆ ಐದು ದೇಶಗಳ ಐದು ಕಡೆ ವಿಶ್ವ ಆರೋಗ್ಯ ಸಂಸ್ಥೆ ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಹಿಂಬಾಲಿಸಿತ್ತು. ಸುಮಾರು ಅರ್ಧ ಮಂದಿಗೆ ಮನೆಗೆ ಕಳಿಸುವಾಗ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಇಲ್ಲವೇ ಭೇಟಿ. ಅವರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 0.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 2.2. ನೊಂದವರನ್ನು ಮುಟ್ಟಲೇಬಾರದು ಎಂದಿದ್ದರೆ ಇದು ಯಾರಿಗೆ ತಿಳಿಯುತ್ತಿತ್ತು?

ಹಿಂದೊಮ್ಮೆ ಅರಕಲಗೂಡು ಕಡೆ, ತೀರಿಕೊಂಡ ಆಲೂಗಡ್ಡೆ ಬೆಳೆಗಾರರೊಬ್ಬರ ಮನೆಗೆ ಹೋಗಿದ್ದೆ. ಅವರ ಪತ್ನಿ ತಗಡಿನ ಪೆಟ್ಟಿಗೆ ತೆಗೆದು ಚಾಪೆಯ ಮೇಲೆ ಕಾಗದಗಳನ್ನು ಹರಡಿದರು: ಪಹಣಿ, ಸೊಸೈಟಿ ಸಾಲದ ರಸೀದಿ, ಪಂಚನಾಮೆಯ ನಕಲು. 'ಬಂದವರೆಲ್ಲ ಸಾಲ ಎಷ್ಟು ಎಂದು ಕೇಳಿದರು. ಆರು ತಿಂಗಳಿಂದ ಅವರಿಗೆ ನಿದ್ದೆ ಇರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ' ಎಂದರು. ದೀಪ ಹಚ್ಚುವ ಹೊತ್ತಿನವರೆಗೂ ಮಾತಾಡಿದರು. ಒಲೆಯ ಮೇಲಿಟ್ಟ ಕಾಫಿ ಉಕ್ಕಿ ಚೆಲ್ಲಿತು, ಏಳಲಿಲ್ಲ.

ನಮ್ಮ ಕಡತಗಳಿಗೆ ಸಾಲದ ಲೆಕ್ಕ ಬೇಕು, ನಿದ್ದೆಯ ಲೆಕ್ಕ ಬೇಡ. ಹೊಸ ಔಷಧಿಯ ಪರೀಕ್ಷೆಯಲ್ಲೂ ಆತ್ಮಹತ್ಯೆಯ ಅಪಾಯವಿರುವವರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ; ಮುಂದೆ ಅದೇ ಮಾತ್ರೆಯನ್ನು ಅವರಿಗೂ ಬರೆದುಕೊಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಅವರ ಆರೈಕೆ ಮಾಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿ ವರ್ಷಗಳಾದವು. ನಮ್ಮ ಕೇರಿಗಳಲ್ಲಿ ಇನ್ನೂ ಬಾಗಿಲು ಹಾಕಿಕೊಂಡು ಪಿಸುಗುಟ್ಟುವುದೇ ನಡೆದಿದೆ. ಮರ್ಯಾದೆಯ ಹೆಸರಿನ ಈ ಮೌನಕ್ಕೆ ನೀವೂ ಕಾಳಜಿ ಎಂದು ಹೆಸರಿಡಬೇಡಿ.

ಸಂಶೋಧಕರಿಗೂ ನನ್ನ ತಗಾದೆಯಿದೆ. ಸಂಕಟ ಹೆಚ್ಚಿದರೆ ಯಾವ ವೈದ್ಯರು ನೋಡುತ್ತಾರೆಂದು ಮೊದಲೇ ಗೊತ್ತುಮಾಡಿ ಬನ್ನಿ. ಮರುವಾರ ಮತ್ತೆ ಬನ್ನಿ.

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನೀವಿದ್ದೀರಿ, ತಂದೆಯಿದ್ದಾರೆ. ಹುಡುಗ ಏನೆಂದ ಎಂಬುದಿಲ್ಲ. ಸಂಶೋಧಕರೊಡನೆ ಮಾತಾಡಲು ಅವನಿಗೆ ಮನಸ್ಸಿತ್ತೇ? ಇವತ್ತು ಸಂಜೆ ಹೋಗಿ ಕೇಳಿ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಡಿ. ನಡುರಾತ್ರಿಯಲ್ಲೂ ಅಲ್ಲಿ ಕರೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.