ಆವರಣ ದಾಟುವಾಗ 9 ಹದಿನೆಂಟಾಗುತ್ತದೆ

ಪ್ರಶ್ನೆ: ಯ = 2ಕ್ಷ² − 12ಕ್ಷ + 7 ಅನ್ನು ವರ್ಗ ಪೂರ್ಣಗೊಳಿಸಿ ಶೃಂಗರೂಪಕ್ಕೆ ತಂದರೆ ನನಗೆ 2(ಕ್ಷ − 3)² − 2 ಬರುತ್ತದೆ. ಪುಸ್ತಕದಲ್ಲಿ ಕೊನೆಗೆ −11 ಇದೆ. ತಪ್ಪಿದ್ದೆಲ್ಲಿ? ಎಸ್ಸೆಸ್ಸೆಲ್ಸಿಯಲ್ಲಿ ಮಾಡಿದ ಹಾಗೆ ಮೊದಲೇ 2ರಿಂದ ಭಾಗಿಸಿಬಿಟ್ಟರೆ ಆಗದೆ?
— ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಪುಸ್ತಕ ಸರಿ ಇದೆ. ಮೊದಲ ಎರಡು ಪದಗಳಿಂದ ಮಾತ್ರ 2 ಹೊರತೆಗೆಯಿರಿ, 7 ಅನ್ನು ಮುಟ್ಟಬೇಡಿ: 2(ಕ್ಷ² − 6ಕ್ಷ) + 7. −6ರ ಅರ್ಧ −3, ಅದರ ವರ್ಗ 9. ಅದನ್ನು ಆವರಣದೊಳಗೇ ಕೂಡಿಸಿ ಕಳೆಯಿರಿ: 2(ಕ್ಷ² − 6ಕ್ಷ + 9 − 9) + 7. ಎಲ್ಲರೂ ಎಡವುವುದು ಇಲ್ಲೇ. ಒಳಗಿನ −9 ಹೊರಬೀಳಬೇಕಾದರೆ 2ರಿಂದ ಗುಣಿಸಿಕೊಂಡು −18 ಆಗಿಯೇ ಬರಬೇಕು. ಆಗ −18 + 7 = −11. ನೀವು −9 ಅನ್ನು ಹಾಗೇ ತಂದು 7ಕ್ಕೆ ಸೇರಿಸಿದ್ದೀರಿ, −2 ಬಂತು. ಕ್ಷ = 0 ಹಾಕಿ ನೋಡಿ: ಮೂಲದಲ್ಲಿ 7, ನಿಮ್ಮ ಉತ್ತರದಲ್ಲಿ 18 − 2 = 16. ಪರೀಕ್ಷೆಯಲ್ಲಿ ಈ ತಾಳೆ ಬಿಡಬೇಡಿ.

ಶೃಂಗ, ಅಂದರೆ ನಕ್ಷೆ ತಿರುಗುವ ತುದಿ, (3, −11). ಆವರಣದಲ್ಲಿ −3 ಕಂಡರೂ ಬಿಂದು +3ರಲ್ಲಿ, ಏಕೆಂದರೆ ವರ್ಗ ಸೊನ್ನೆಯಾಗುವುದು ಅಲ್ಲಿಯೇ.

ಇನ್ನು ಭಾಗಿಸುವ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಬಿಡಿಸಿದ ಸಮೀಕರಣದಲ್ಲಿ ಒಂದು ಬದಿಗೆ ಸೊನ್ನೆ ಇರುತ್ತದೆ. ಭಾಗಿಸಿದರೂ ಅದು ಸೊನ್ನೆಯೇ, ಮೂಲಗಳು (ಕ್ಷಗೆ ಸಿಗುವ ಬೆಲೆಗಳು) ಕದಲುವುದಿಲ್ಲ. ಇಲ್ಲಿ ಆ ಜಾಗದಲ್ಲಿ ಯ ಇದೆ. ಭಾಗಿಸಿ ಮರೆತರೆ (ಕ್ಷ − 3)² − 11/2 ಸಿಗುತ್ತದೆ: ಆಳ ಅರ್ಧಕ್ಕೆ ಬಂತು, ಪರವಲಯ (ಬಟ್ಟಲಿನಂಥ ಈ ವಕ್ರರೇಖೆ) ಅಗಲವಾಯಿತು. ಅದು ಬೇರೆಯದೇ ನಕ್ಷೆ.

ಪ್ರಶ್ನೆ: ಗೋಡೆಗೆ ಹಚ್ಚಿ ಕುರಿದೊಡ್ಡಿ ಮಾಡಬೇಕು. 40 ಮೀಟರ್ ತಂತಿ ಜಾಳಿ ಇದೆ, ಉಳಿದ ಮೂರು ಬದಿಗೆ. ಅಳತೆ ಎಷ್ಟಿಟ್ಟರೆ ಹೆಚ್ಚು ಜಾಗ? ಇದಕ್ಕೂ ವರ್ಗ ಪೂರ್ಣಗೊಳಿಸಬೇಕು ಅಂತಾನೆ ಮಗ.
— ರೈತರು, ಮುಧೋಳ ತಾಲೂಕು

ಉತ್ತರ: ಮಗ ಹೇಳಿದ್ದು ಖರೆ. ಗೋಡೆಯಿಂದ ಹೊರಡುವ ಎರಡು ಬದಿ ತಲಾ ಕ್ಷ ಮೀಟರ್ ಆದರೆ ಎದುರಿನದು 40 − 2ಕ್ಷ. ವಿಸ್ತೀರ್ಣ −2ಕ್ಷ² + 40ಕ್ಷ. −2 ಹೊರತೆಗೆದಾಗ ಒಳಗಿನ ಚಿಹ್ನೆ ತಿರುಗುವುದನ್ನು ಮರೆಯಬಾರದು: −2(ಕ್ಷ² − 20ಕ್ಷ). ಒಳಗೆ 100 ಕೂಡಿಸಿ ಕಳೆದರೆ −100 ಹೊರಗೆ +200 ಆಗುತ್ತದೆ: −2(ಕ್ಷ − 10)² + 200. ವರ್ಗ ಎಂದೂ ಋಣವಾಗದು, ಹಾಗಾಗಿ 200ಕ್ಕಿಂತ ಹೆಚ್ಚು ಸಿಗುವುದಿಲ್ಲ. 10, 20, 10 ಇಡಿ.

ಮೂರೂ ಬದಿ ಸಮ ಮಾಡಿದರೆ ಸುಮಾರು 178 ಚದರ ಮೀಟರ್ ಅಷ್ಟೇ. ಕಂಬ ಒಂದು ಮೀಟರ್ ಆಚೀಚೆ ಬಿದ್ದರೆ ಚಿಂತೆ ಬೇಡ: ಕ್ಷ 9 ಆದರೂ 198 ಇದೆ. ಆದರೆ ಗೋಡೆ 20 ಮೀಟರ್ ಉದ್ದ ಇರಬೇಕು. 16 ಮೀಟರೇ ಇದ್ದರೆ 12, 16, 12 ಇಟ್ಟು 192ಕ್ಕೆ ತೃಪ್ತಿಪಡಿ.