ಪ್ಯಾರಿಷ್ ಅಂದರೆ ಬರೀ ಚರ್ಚ್ ಅಲ್ಲ ಮಾರಾಯ್ರೆ

ಇಂಗ್ಲೆಂಡಿನ ಹಳ್ಳಿ ಆಡಳಿತದ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೆಯವೇ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಒಂದಕ್ಕೆ ಮಾತ್ರ ಸಾವಕಾಶವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ತಾಳ್ಮೆ ಇಲ್ಲ.

ಪ್ಯಾರಿಷ್ ಅಂದಮೇಲೆ ಊರನ್ನು ಆಳುತ್ತಿದ್ದವರು ಪಾದ್ರಿಗಳೇ ಅಲ್ವಾ? (ಮಂಗಳೂರು)

ಅಲ್ಲ. ನಿಮ್ಮ ಊರಿನ ಪ್ಯಾರಿಷ್ ನೋಡಿ ಅಲ್ಲಿಯದನ್ನು ಅಳೆಯಬೇಡಿ. ಅಲ್ಲಿ ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಊರಾಡಳಿತದ ಘಟಕವೂ ಅದೇ. ಊರಿನ ಸಭೆ ಸೇರುತ್ತಿದ್ದದ್ದು ಚರ್ಚಿನ ಉಡುಪಿನ ಕೋಣೆಯಲ್ಲಿ, ಅಂದರೆ ವೆಸ್ಟ್ರಿಯಲ್ಲಿ, ಹಾಗಾಗಿ ಸಭೆಗೂ ವೆಸ್ಟ್ರಿ ಅಂತಲೇ ಹೆಸರು ಬಿತ್ತು. ಪಾದ್ರಿ ಅಧ್ಯಕ್ಷತೆ ವಹಿಸುತ್ತಿದ್ದದ್ದು ನಿಜ. ಆದರೆ ರಸ್ತೆ, ಕಾವಲು, ಬಡವರ ಲೆಕ್ಕ ನೋಡುತ್ತಿದ್ದವರು ಊರಿನ ರೈತರು, ಅಂಗಡಿಯವರು. ಸಂಬಳವಿಲ್ಲದ ಒಂದು ವರ್ಷದ ಪಾಳಿ.

18ನೇ ಶತಮಾನದ ಒಂದು ಹಳ್ಳಿಯ ಲೆಕ್ಕದ ಪುಸ್ತಕದಲ್ಲಿ, ತುಂಬು ಗರ್ಭಿಣಿಯೊಬ್ಬಳ ಕೈಗೆ ಚಿಲ್ಲರೆ ಕೊಟ್ಟು ಊರು ದಾಟಿಸಿದ್ದು ಬರೆದಿದೆ. ಬಡವರನ್ನು ಊರೇ ಸಾಕುತ್ತಿತ್ತು ಅಂತ ಓದಿದ್ದೆ. ಇದೇನು? (ಮೈಸೂರು)

ಎರಡೂ ನಿಜ. ಊರೇ ಸಾಕಬೇಕಿತ್ತು, ಅದಕ್ಕೇ ಓಡಿಸಿದರು.

1601ರ ಕಾನೂನಿನ ಪ್ರಕಾರ ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು. ಊರಿನ ಅನುಕೂಲಸ್ಥರಲ್ಲೇ ಇಬ್ಬರು, ಮೂವರನ್ನು ಓವರ್‌ಸಿಯರ್ ಮಾಡುತ್ತಿದ್ದರು. ಅವರು ಮನೆ, ಜಮೀನಿನ ಮೇಲೆ ತೆರಿಗೆ ಎತ್ತಿ ಹಂಚಬೇಕು. ಸರಿ, ಆದರೆ 'ತನ್ನ ಬಡವ' ಅಂದರೆ ಯಾರು? ಅದನ್ನು ಹೇಳಿದ್ದು 1662ರ ಕಾನೂನು. ಹೊಸದಾಗಿ ಬಂದವನ ಬಾಡಿಗೆ ವರ್ಷಕ್ಕೆ 10 ಪೌಂಡ್‌ಗಿಂತ ಕಡಿಮೆ ಇದ್ದು, ಮುಂದೆ ಊರಿಗೆ ಹೊರೆಯಾಗಬಹುದು ಅನ್ನಿಸಿದರೆ 40 ದಿನದೊಳಗೆ ದೂರು ಕೊಡಬಹುದಿತ್ತು. ಇಬ್ಬರು ಮ್ಯಾಜಿಸ್ಟ್ರೇಟರು ರುಜು ಹಾಕಿದರೆ ಅವನು ಬಂದ ಊರಿಗೇ ವಾಪಸ್. 10 ಪೌಂಡ್ ಬಾಡಿಗೆ ಕಟ್ಟುವ ಕೂಲಿಯವನು ಎಲ್ಲಿದ್ದಾನೆ ಹೇಳಿ!

1690ರ ದಶಕದಲ್ಲಿ ಇನ್ನೊಂದು ದಾರಿ ಆಯಿತು. ಮದುವೆಯಾಗದ ಆಳು ಒಂದೇ ಕಡೆ ಪೂರ್ತಿ ಒಂದು ವರ್ಷ ದುಡಿದರೆ ಆ ಊರಿನವನು ಅನ್ನಿಸಿಕೊಳ್ಳುತ್ತಿದ್ದ. ರೈತರು ಏನು ಮಾಡಿದರು ಗೊತ್ತಾ? ವರ್ಷಕ್ಕೆ ಕೆಲವೇ ದಿನ ಕಮ್ಮಿ ಬರುವಂತೆ ಆಳು ಇಟ್ಟುಕೊಂಡರು. ನಮ್ಮಲ್ಲಿ ಗುತ್ತಿಗೆ ನೌಕರರಿಗೆ ನಡುವೆ ಒಂದು ದಿನ 'ಬ್ರೇಕ್' ಕೊಡುತ್ತಾರಲ್ಲ, ಅದೇ ಕಲೆ.

ಇನ್ನು ಆ ಗರ್ಭಿಣಿ. ಮದುವೆಯಾಗದವಳಿಗೆ ಹುಟ್ಟಿದ ಮಗು ಸಾಮಾನ್ಯವಾಗಿ ಹುಟ್ಟಿದ ಊರಿಗೇ ಸೇರುತ್ತಿತ್ತು. ಹೆರಿಗೆ ಈ ಬೇಲಿಯಾಚೆ ಆದರೆ ಪಕ್ಕದೂರಿನ ಖರ್ಚು, ಈಚೆ ಆದರೆ ನಮ್ಮ ಖರ್ಚು, ಅದೂ ವರ್ಷಗಟ್ಟಲೆ. ಅದರ ಮುಂದೆ ಕೈಗಿಟ್ಟ ನಾಲ್ಕು ಪೆನ್ನಿ ಯಾವ ಲೆಕ್ಕ? ಕ್ರೂರ ಹೌದು. ಆದರೆ ಅದನ್ನು ಬರೆದವನು ರಾಕ್ಷಸನಲ್ಲ. ಮುಂದಿನ ವರ್ಷ ನೆರೆಯವರ ಮುಂದೆ ಲೆಕ್ಕ ಒಪ್ಪಿಸಬೇಕಾದ ಒಬ್ಬ ರೈತ ಅಷ್ಟೇ.

ಇಂಥ ಬಡವರನ್ನು ವಿಚಾರಣೆ ಮಾಡಿದ ಹಾಳೆಗಳು ದಾಖಲೆ ಕಚೇರಿಗಳಲ್ಲಿ ಕಟ್ಟುಕಟ್ಟಾಗಿ ಇವೆ. ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಎಷ್ಟು ದಿನ ದುಡಿದೆ, ಸಂಬಳ ಎಷ್ಟು, ಎಲ್ಲ ಬರೆದು ಕೆಳಗೆ ಸೊಟ್ಟಗೆ ಒಂದು ಕಾಟು ಗುರುತು. ಅಕ್ಷರ ಬಾರದವರ ಸಹಿ. ಎಷ್ಟೋ ಜನ ತಮ್ಮ ಬಗ್ಗೆ ಬಿಟ್ಟುಹೋದ ಬದುಕಿನ ಕಥೆ ಅಂದರೆ ಆ ಒಂದೇ ಹಾಳೆ. ಮೊದಲ ಸಲ ಕೈಗೆತ್ತಿಕೊಂಡ ದಿನ ನನಗೆ ಊಟ ಸೇರಲಿಲ್ಲ.

ಹಾಗಂತ ಒಂದು ಸಾಲು ಓದಿ ಇಡೀ ಊರಿಗೆ ಶಾಪ ಹಾಕಬೇಡಿ. ನೀವು ಫೋಟೋ ಕಳಿಸಿರುವುದು ಒಂದೇ ಪುಟ. ಹಿಂದುಮುಂದಿನ ಪುಟ ತಿರುಗಿಸಿ. ಇಂಥ ಪುಸ್ತಕಗಳಲ್ಲೇ ಅನಾಥ ಹುಡುಗನಿಗೆ ಬೂಟು, ವಿಧವೆಗೆ ಸೌದೆ, ಸತ್ತ ಮುದುಕನಿಗೆ ಶವಪೆಟ್ಟಿಗೆ, ಹೆಣ ಹೊತ್ತವರಿಗೆ ಬಿಯರ್ ಸಿಗುತ್ತವೆ. ಅದೂ ಪುಕ್ಕಟೆಯಲ್ಲ. 1697ರ ಕಾನೂನು ಬಂದಮೇಲೆ ನೆರವು ಪಡೆದವರು ಬಲ ಭುಜದ ಮೇಲೆ ಕೆಂಪು ಇಲ್ಲವೇ ನೀಲಿ ಬಟ್ಟೆಯಲ್ಲಿ 'ಪಿ' ಅಕ್ಷರ ಹೊಲಿದುಕೊಳ್ಳಬೇಕಿತ್ತು, ಜೊತೆಗೆ ಪ್ಯಾರಿಷ್‌ನ ಮೊದಲ ಅಕ್ಷರ. 1810ರವರೆಗೂ ಅದು ಕಾನೂನಿನಲ್ಲಿತ್ತು. 1795ರ ನಂತರ, ನಿಜವಾಗಿ ನೆರವು ಕೇಳುವ ತನಕ ಯಾರನ್ನೂ ಹೊರಹಾಕುವಂತಿರಲಿಲ್ಲ. ಮದುವೆಯಾಗದ ಗರ್ಭಿಣಿಗೆ ಮಾತ್ರ ಆ ರಿಯಾಯಿತಿ ಇರಲಿಲ್ಲ. ನಿಮ್ಮ ಪುಟದ ಇಸವಿ ಯಾವುದು ಅಂತ ಮೊದಲು ನೋಡಿ.

ಹಳೆಯ ವೆಸ್ಟ್ರಿ ಸಭೆ ಶುದ್ಧ ಪ್ರಜಾಪ್ರಭುತ್ವ ಅಂತಾರೆ, ಹೌದಾ? (ಧಾರವಾಡ)

ಯಾರು ಸ್ವಾಮಿ ಅನ್ನೋದು? 1818ರ ಕಾನೂನಿನಲ್ಲಿ ಆಸ್ತಿ ಜಾಸ್ತಿ ಇದ್ದವನಿಗೆ ಆರು ಓಟಿನವರೆಗೂ ಇತ್ತು. ಅದಕ್ಕೂ ಹಿಂದೆ, 1596ರಲ್ಲಿ, ಸ್ವಾಲೋಫೀಲ್ಡ್ ಎಂಬ ಹಳ್ಳಿಯ ಮುಖ್ಯಸ್ಥರು ತಾವೇ ಕೂತು 26 ನಿಯಮ ಬರೆದುಕೊಂಡರು. ಮೊದಲನೆಯದೇ, ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕಬಾರದು ಅಂತ. ಚಂದ ಇದೆ. ಆದರೆ ಸಂಸಾರ ಇಡಲು ಗತಿಯಿಲ್ಲದವರು ಮದುವೆಯಾಗದಂತೆ ತಡೆಯಬೇಕು ಅನ್ನುವುದೂ ಅದೇ ಪಟ್ಟಿಯಲ್ಲಿದೆ.

ಆನ್‌ಲೈನ್‌ನಲ್ಲಿ 'ಲಾರ್ಡ್ ಆಫ್ ದಿ ಮ್ಯಾನರ್' (ಹಳೆಯ ಜಮೀನ್ದಾರಿಕೆಯ ಒಡೆಯ) ಅನ್ನುವ ಪಟ್ಟ ಮಾರುತ್ತಾರೆ. ಕೊಂಡರೆ ಹಳ್ಳಿಯ ಆಡಳಿತದಲ್ಲಿ ಹಕ್ಕು ಬರುತ್ತಾ? (ಬೆಂಗಳೂರು)

ಒಂದು ಸಣ್ಣ ದೀಪದ ಕಂಬ ಹಾಕಿಸುವ ಹಕ್ಕೂ ಬರುವುದಿಲ್ಲ. ಕಾನೂನುಬದ್ಧವಾಗಿ ಕೈ ಬದಲಾಗುವ ಮ್ಯಾನರ್ ಪಟ್ಟಗಳು ಇವೆ, ನಿಜ. ಅವುಗಳಿಂದಲೂ ನೀವು ಶ್ರೀಮಂತ ವಂಶದ ಲಾರ್ಡ್ ಆಗುವುದಿಲ್ಲ. ಚೌಕಟ್ಟು ಹಾಕಿದ ಪ್ರಮಾಣಪತ್ರ ಕಳಿಸುವ ಅಗ್ಗದ ಅಂಗಡಿಗಳಂತೂ ಹಾಳೆ ಮಾರುತ್ತಿವೆ. ದುಡ್ಡು ಜೇಬಲ್ಲೇ ಇರಲಿ.

ಮಗಳು ಇಂಗ್ಲೆಂಡಿನ ಹಳ್ಳಿಯಲ್ಲಿದ್ದಾಳೆ. ಅಲ್ಲಿನ ಪ್ಯಾರಿಷ್ ಕೌನ್ಸಿಲ್ ನಮ್ಮ ಗ್ರಾಮ ಪಂಚಾಯಿತಿ ಇದ್ದಂತೆಯೇ? ಅವಳು ನಿಲ್ಲಬಹುದೇ? (ಶಿವಮೊಗ್ಗ)

ಅಧಿಕಾರದಲ್ಲಿ ನಮ್ಮದಕ್ಕಿಂತ ಬಡಕಲು. ಆಟದ ಮೈದಾನ, ಬಸ್ ತಂಗುದಾಣ, ಸ್ಮಶಾನ, ಬೀದಿ ದೀಪ, ಇಂಥವು. ಮನೆ ಕಟ್ಟುವ ಪರವಾನಗಿ ವಿಚಾರದಲ್ಲಿ ಅಭಿಪ್ರಾಯ ಹೇಳಬಹುದು, ತೀರ್ಮಾನ ಮೇಲಿನ ಕೌನ್ಸಿಲ್‌ನದು. ಊರಾಡಳಿತ ಚರ್ಚಿನಿಂದ ಬೇರೆಯಾಗಿದ್ದು 1894ರ ಕಾನೂನಿನಿಂದ. 300 ಇಲ್ಲವೇ ಅದಕ್ಕಿಂತ ಹೆಚ್ಚು ಜನರಿರುವ ಹಳ್ಳಿಗೆ ಚುನಾಯಿತ ಕೌನ್ಸಿಲ್ ಬಂತು. ಮದುವೆಯಾದ ಹೆಂಗಸರೂ ನಿಲ್ಲಬಹುದಾಯಿತು, ಸಂಸತ್ತಿಗೆ ಓಟು ಹಾಕುವ ಹಕ್ಕು ಅವರಿಗೆ ಸಿಗುವುದಕ್ಕೆ 24 ವರ್ಷ ಮೊದಲು.

ಮಗಳು ಭಾರತದ ಪೌರಳಾಗಿದ್ದು ಅಲ್ಲಿ ಕಾಯಂ ವಾಸದ ಅನುಮತಿ ಇದ್ದರೆ ನಿಲ್ಲಬಹುದು, ಕಾಮನ್‌ವೆಲ್ತ್ ದೇಶದವರಿಗೆ ಆ ಅವಕಾಶ ಇದೆ. ಸೂಚಿಸಲು ಒಬ್ಬರು, ಅನುಮೋದಿಸಲು ಒಬ್ಬರು ಮತದಾರರು ಸಾಕು. ಒಂದು ವರ್ಷದಿಂದ ಪ್ಯಾರಿಷ್‌ನ ಗಡಿಯಾಚೆ ಮೂರು ಮೈಲಿಯೊಳಗಿನ ಮನೆಯಲ್ಲಿದ್ದರೂ ನಡೆಯುತ್ತದೆ.